ಮೂವರು ಸಾಲಾಗಿ ಬಂದ ಶನಿವಾರ

ಅಕ್ಕನ ಮನಸ್ಸು ತಿರುಗಿಸುವುದು ತನ್ನಿಂದಾಗದ ಕೆಲಸವೆಂದು ಡುಮಿಲೆಗೆ ಮೂರನೆಯ ಸಲ ಬೈಸಿಕೊಂಡಾಗಲಾದರೂ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ರಗ್ಬಿ ಹುಚ್ಚು ಹಿಡಿದ ಗಂಡಸಿಗೆ ಬೈಗುಳವೂ ಹುರಿದುಂಬಿಸಿದ ಹಾಗೇ ಕೇಳಿಸುತ್ತದೆ. ಪ್ರಾಯದಲ್ಲಿ ಅವನೂ ಆಡಿದವನೇ. ದನ ಮೇಯುವ ಬಯಲಿನಲ್ಲಿ ಸಗಣಿ ಸರಿಸಿ, ಬೂದಿಯಲ್ಲಿ ಗೆರೆ ಎಳೆದು, ಈಸ್ಟರ್ ಪಂದ್ಯಗಳಲ್ಲಿ ಮೂಗು ಮುರಿಸಿಕೊಂಡವನು. ಆ ಸೊಟ್ಟ ಮೂಗಿನ ಬಗ್ಗೆ ಅವನಿಗಿದ್ದ ಹೆಮ್ಮೆ ಅವನ ಹೊಲ, ದನಗಳ ಬಗ್ಗೆಯೂ ಇರಲಿಲ್ಲ.

ಈಗ ಅಕ್ಕ ನೊಸಾಖೆಲೆಯ ಮಗ ಲುಂಗಾ ಶಾಲೆಯ ತಂಡಕ್ಕೆ ಬೇಕಾಗಿದ್ದ. ಹುಡುಗನಿಗೆ ಹದಿನೇಳು. ಎದುರಿಗೆ ಓಡಿ ಬರುವವನು ಎಷ್ಟೇ ದಢೂತಿಯಿರಲಿ, ಅವನ ತೊಡೆಗೆ ಭುಜ ಕೊಟ್ಟು ಬುಡ ಕಡಿದ ಮರದ ಹಾಗೆ ಕೆಡವುತ್ತಿದ್ದ. ಇದೆಲ್ಲ ಶಾಲೆಯ ಅಭ್ಯಾಸದಲ್ಲಿ, ಅವ್ವನಿಗೆ ಗೊತ್ತಿಲ್ಲದೆ. ಪಂದ್ಯಗಳಲ್ಲೂ ಹೀಗೇ ಆಡಿದರೆ ಪಟ್ಟಣದ ದೊಡ್ಡ ಶಾಲೆಯವರು ನೋಡಲು ಬರುತ್ತಾರೆ, ಹಿಡಿಸಿದರೆ ಹಾಸ್ಟೆಲ್ಲಿನಲ್ಲಿಟ್ಟು ಓದಿಸುತ್ತಾರೆ ಎಂದು ಆಟದ ಮೇಷ್ಟ್ರು ಟುಟಾನಿ ಹೇಳಿದ್ದರು. ಊರಿನಲ್ಲಿ ಓದಿದ ಹುಡುಗರೂ ಓದದ ಹುಡುಗರೂ ಅಂಗಡಿಯ ಒಂದೇ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದರು. ಲುಂಗಾ ಆ ಗೋಡೆಗೆ ಒರಗದೆ ಇರಬೇಕಾದರೆ ಇದೊಂದೇ ದಾರಿ.

ಆದರೆ ತಾಯಿ ಬಾಯಾರೆ ಒಪ್ಪದೆ ಪಂದ್ಯಕ್ಕೆ ಇಳಿಸುವುದಿಲ್ಲವೆಂದು ಮೇಷ್ಟ್ರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಅದಕ್ಕೂ ಕಾರಣವಿತ್ತು. ಹೋದ ವರ್ಷ ಆಚೆ ಊರಿನ ಹುಡುಗನೊಬ್ಬ ಪಂದ್ಯದಲ್ಲಿ ಕತ್ತು ಮುರಿದುಕೊಂಡು, ಈಗ ಕಣ್ಣು ಮಾತ್ರ ಆಡಿಸುತ್ತ ಮಲಗಿದ್ದ. ನೊಸಾಖೆಲೆ ಅವನನ್ನು ನೋಡಿಕೊಂಡು ಬಂದಿದ್ದಳು.

"ಅಕ್ಕಾ, ಆಡೋರ ಕತ್ತೆಲ್ಲ ಮುರಿಯಲ್ಲ ಕಣೆ," ಎಂದಿದ್ದ ಡುಮಿಲೆ, ಮೂರನೆಯ ಸಲ.

"ಆಡೋರನ್ನೆಲ್ಲ ನಾನು ಹೆತ್ತಿಲ್ಲ. ಇವನನ್ನ ಹೆತ್ತಿದ್ದೀನಿ."

"ಕೈ ಕೆಸರಾದ್ರೆ ತಾನೆ ಬಾಯಿ ಮೊಸರು?"

"ಮೊಸರು ಅಲ್ಲಿ ಸೋರೆ ಬುರುಡೇಲಿದೆ. ಕುಡಿದು ಎದ್ದು ನಡಿ." ಒಲೆಯ ಮೇಲಿನ ಜೋಳ-ಕಾಳನ್ನು ತಿರುವುತ್ತಿದ್ದ ಕೋಲನ್ನು ಹಾಗೇ ಅವನ ಕಡೆ ಚಾಚಿ ಅವಳು ಮುಂದುವರಿಸಿದಳು. "ಖಾನ್ಯಾನ್ನ ಬೆಟ್ಟಕ್ಕೆ ಕಳಿಸೋವಾಗ ನನ್ನನ್ನ ಯಾರಾದ್ರೂ ಕೇಳಿದ್ರೇನೋ? ಗಂಡಸರ ವಿಷಯ, ನೀನು ಸುಮ್ನಿರು ಅಂದ್ರಿ. ಸುಮ್ನಿದ್ದೆ. ಇದಕ್ಕೆ ಕೇಳ್ತಿದ್ದೀರಿ. ಕೇಳಿದ್ದಕ್ಕೆ ಹೇಳ್ತಿದ್ದೀನಿ, ಇಲ್ಲ."

ಖಾನ್ಯಾ ಅವಳ ಹಿರಿಯ ಮಗ. ಎರಡು ಚಳಿಗಾಲಗಳ ಹಿಂದೆ, ಗಂಡಸಾಗಿ ಬರಲೆಂದು ಓರಗೆಯವರ ಜೊತೆ ಬೆಟ್ಟದ ಗುಡಿಸಲಿಗೆ ಹೋದವನು ಸುನ್ನತಿಯ ಗಾಯ ಕೊಳೆತು ಅಲ್ಲೇ ತೀರಿಕೊಂಡ. ಡುಮಿಲೆ ಮೊಸರನ್ನೂ ಕುಡಿಯದೆ ಎದ್ದು ಬಂದ.

ಆದರೂ ಬಿಟ್ಟನೇ? ತಾನು ಒಬ್ಬನೇ ಹೋದದ್ದೇ ತಪ್ಪು ಎಂದು ಅವನ ತಲೆಗೆ ಹೊಳೆಯಿತು. ಹೆಣ್ಣು ಕೇಳಲು ಒಬ್ಬರೇ ಹೋಗುತ್ತಾರೆಯೇ? ಜಗಳ ತೀರಿಸಲು ಒಬ್ಬರೇ ಹೋಗುತ್ತಾರೆಯೇ? ದೊಡ್ಡ ಮಾತಿಗೆ ದೊಡ್ಡವರು ಬೇಕು. ಊರ ಹಿರಿಯ ಬಂಗಾನಿಯನ್ನು ಒಪ್ಪಿಸಿದ. ಮುದುಕನಿಗೆ ಕೋಟು ಹಾಕಿಕೊಂಡು ಹೊರಡುವುದೆಂದರೆ ಯಾವತ್ತೂ ಇಷ್ಟವೇ. ಟುಟಾನಿ ಮೇಷ್ಟ್ರಿಗೂ ಹೇಳಿದ. ಶನಿವಾರ ಮಧ್ಯಾಹ್ನ, ಲುಂಗಾ ಶಾಲೆಯ ಬಯಲಿನಲ್ಲಿದ್ದ ಹೊತ್ತಿಗೆ, ಮೂವರೂ ಕೋಟು, ಟೋಪಿ ತೊಟ್ಟು, ಕೈಯಲ್ಲಿ ಕೋಲು ಹಿಡಿದು ದಿಣ್ಣೆ ಇಳಿದು ಹೊರಟರು. ಕಾಲುದಾರಿ ಕಿರಿದು, ಒಬ್ಬರ ಹಿಂದೊಬ್ಬರು ನಡೆಯಲೇಬೇಕು.

ದಾರಿಯುದ್ದಕ್ಕೂ ಡುಮಿಲೆ ಆಡಬೇಕಾದ ಮಾತುಗಳನ್ನು ಬಾಯಲ್ಲೇ ಹೊಂದಿಸಿಕೊಳ್ಳುತ್ತಿದ್ದ. ಕೆಳಗೆ ಜೋಳದ ತಾಕಿನಲ್ಲಿ ಕಳೆ ಕೀಳುತ್ತಿದ್ದ ಅಕ್ಕ ಬೆನ್ನು ನೆಟ್ಟಗೆ ಮಾಡಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ದು ಕಂಡಿತು. ಗುದ್ದಲಿ ಅಲ್ಲೇ ಬಿಟ್ಟು ಒಳಗೆ ಹೋದಳು.

"ನೋಡಿ, ಚಾ ಇಡೋಕೆ ಹೋದ್ಲು," ಎಂದ ಖುಷಿಯಿಂದ. "ಹಿರಿಯರು ಬಂದ್ರೆ ಮರ್ಯಾದೆನೇ ಬೇರೆ."

ಪಕ್ಕದ ಮನೆಯಿಂದ ಮಾಮಿಯಾ ಓಡಿ ಬಂದಳು. ಆಚೆ ಮನೆಯಿಂದ ಇನ್ನಿಬ್ಬರು ಬಂದರು. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಮಂಚ ಹೊರಗೆ ಬಂತು. ಹಿಂದೆಯೇ ನಾಲ್ಕು ಕೈಗಳಲ್ಲಿ ಬೀರು.

ಬಂಗಾನಿ ನಿಂತುಬಿಟ್ಟ. "ಡುಮಿಲೆ, ಖಾನ್ಯಾನ ಸುದ್ದಿ ಹೇಳೋಕೆ ಯಾರ್ಯಾರು ಬಂದಿದ್ವಿ?"

"ನೀವು, ನಾನು, ಬೆಟ್ಟದಿಂದ ಇಳಿದು ಬಂದ ಇನ್ನೊಬ್ರು."

"ಇದೇ ದಾರೀಲಿ. ಹಿಂಗೇ."

ಸಾವಿನ ಮನೆಯಲ್ಲಿ ತಾಯಿ ನೆಲಕ್ಕೆ ಕೂರಲು ಕೋಣೆ ಬರಿದು ಮಾಡುತ್ತಾರೆ, ಅಕ್ಕ ಅದನ್ನೇ ಮಾಡಿಸುತ್ತಿದ್ದಾಳೆಂದು ಡುಮಿಲೆಗೆ ಆಗ ಹೊಳೆಯಿತು. ಹಿಂದಕ್ಕೆ ಹೋಗುವ ಹಾಗಿರಲಿಲ್ಲ, ಮುಂದೆ ಹೋಗುವ ಮುಖವಿರಲಿಲ್ಲ. ಕೊನೆಗೆ ಅವನೊಬ್ಬನೇ ಓಡಿದ. ಅದು ಇನ್ನೂ ಕೆಟ್ಟದ್ದಾಯಿತು. ಅವನು ಓಡಿ ಬರುವುದನ್ನು ಕಂಡ ಹೆಂಗಸರು ಅಳು ಶುರುಮಾಡಿದರು.

ಒಳಗೆ ಬರಿದಾದ ಕೋಣೆಯ ನೆಲದ ಮೇಲೆ ಹಾಸಿಗೆ ಎಳೆದು, ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಕಂಬಳಿ ಹೊದ್ದು ನೊಸಾಖೆಲೆ ಕೂತಿದ್ದಳು. ಅಳುತ್ತಿರಲಿಲ್ಲ.

"ಕತ್ತಾ?" ಎಂದಳು.

"ಅಕ್ಕಾ, ಯಾರೂ ಸತ್ತಿಲ್ಲ. ಲುಂಗಾ ಚೆನ್ನಾಗಿದ್ದಾನೆ. ದೇವರಾಣೆ, ಶಾಲೇಲಿದ್ದಾನೆ. ನಾವು ಸುಮ್ನೆ ಬಂದ್ವಿ. ಕೇಳೋಕೆ ಬಂದ್ವಿ."

"ಏನು ಕೇಳೋಕೆ?"

ಹಿಂದಿನಿಂದ ಬಂದ ಮೇಷ್ಟ್ರು ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು. "ಹುಡುಗ ಪಂದ್ಯ ಆಡೋಕೆ ನಿಮ್ಮ ಒಪ್ಪಿಗೆ ಕೇಳೋಕೆ, ತಾಯಿ. ಈಗ ಬೇಡ ಬಿಡಿ. ತಪ್ಪಾಯ್ತು."

ಹೊರಗೆ ಅಳು ನಿಂತಿತ್ತು. ಒಬ್ಬಳು ನಕ್ಕಳು, ಮಾಮಿಯಾ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

ನೊಸಾಖೆಲೆ ಎದ್ದು ಬಂದು ಮೂವರ ಮೇಲೂ ಕೋಲು ಬೀಸುತ್ತಾಳೆಂದು ಡುಮಿಲೆ ಕಾದ. ಬೀಸಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕೂತಲ್ಲಿಂದ ಅಲುಗಲಿಲ್ಲ.

"ಇಲ್ಲ ಅಂದ್ರೆ ನೀವು ಈ ದಾರೀಲಿ ಬರಲ್ಲ ಅಂದ್ಕೊಂಡಿದ್ದೆ," ಎಂದಳು. "ಇಲ್ಲ ಅಂದೆ. ಆದ್ರೂ ಬಂದ್ರಿ. ಮತ್ತೆ ನನ್ನ ಇಲ್ಲಕ್ಕೆ ಏನಪ್ಪಾ ಬೆಲೆ? ಆಡ್ಲಿ ಬಿಡಿ. ಅವನಿಗೋಸ್ಕರ ಈ ಹಾಸಿಗೆ ಮೇಲೆ ಒಂದ್ಸಲ ಕೂತಿದ್ದಾಯ್ತು."

ಹೀಗೆ ಒಪ್ಪಿಗೆ ಸಿಕ್ಕಿತು. ಇಂಥ ಒಪ್ಪಿಗೆಯನ್ನು ಶತ್ರುವಿನ ಕೈಯಿಂದಲೂ ಯಾರೂ ತೆಗೆದುಕೊಳ್ಳಬಾರದು. ಆದರೆ ಅದನ್ನು ಬೇಡವೆನ್ನುವ ಬುದ್ಧಿ ಆ ಹೊತ್ತಿನಲ್ಲಿ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ಅಷ್ಟರಲ್ಲಿ ಸುದ್ದಿ ಹಾರಿ ಲುಂಗಾ ಕೆಸರು ಕಾಲಲ್ಲೇ ಓಡಿ ಬಂದ. ಅಂಗಳದಲ್ಲಿ ಮಂಚ, ಬೀರು, ಮಡಚಿದ ಬಟ್ಟೆ ನೋಡಿದ. ಒಳಗೆ ಅವ್ವನನ್ನು ನೋಡಿದ. ಅವಳು ಕೈ ಚಾಚಿದಳು. ಅವನು ಮಂಡಿಯೂರಿದ. ಅವನ ಕತ್ತಿನ ಹಿಂಭಾಗವನ್ನು ಬೆರಳುಗಳಿಂದ ಮೇಲಿನಿಂದ ಕೆಳಗಿನವರೆಗೂ ಒತ್ತಿ ಒತ್ತಿ ನೋಡಿದಳು, ಎಷ್ಟು ಹೊತ್ತಾದರೂ ಬಿಡಲಿಲ್ಲ.

"ಅವ್ವ ಒಪ್ಪಿದ್ಲು ಕಣೋ," ಎಂದ ಡುಮಿಲೆ, ಆಮೇಲೆ, ಅಂಗಳದಲ್ಲಿ.

"ಬೀರು ಆ ಕಡೆ ಹಿಡ್ಕೊ, ಮಾಮ," ಎಂದ ಲುಂಗಾ.

ಮುಂದಿನ ಶನಿವಾರ ಮೊದಲ ಪಂದ್ಯ. ಪಟ್ಟಣದ ಶಾಲೆಯವನೂ ಬಂದಿದ್ದ. ಚೆಂಡು ಬಗಲಲ್ಲಿಟ್ಟುಕೊಂಡು ದಪ್ಪ ಹುಡುಗನೊಬ್ಬ ನೇರ ಲುಂಗಾನ ಮೇಲೇ ಬಂದ. ಇಂಥದ್ದಕ್ಕೇ ಹುಟ್ಟಿದವನೆಂದು ಡುಮಿಲೆ ಪಕ್ಕದವನ ಪಕ್ಕೆ ತಿವಿದ. ಲುಂಗಾ ಬಗ್ಗಲಿಲ್ಲ. ನೆಟ್ಟಗೆ ನಿಂತು ಕೈ ಮುಂದೆ ಮಾಡಿದ. ದಪ್ಪ ಹುಡುಗ ಅವನನ್ನು ತಳ್ಳಿಕೊಂಡು ದಾಟಿಹೋದ. ಎರಡನೆಯ ಸಲವೂ ಹಾಗೇ. ಜನ ನಕ್ಕರು. ಮೂರನೆಯ ಸಲ ಕಣ್ಣು ಮುಚ್ಚಿ, ತಲೆ ತಪ್ಪು ಕಡೆಗಿಟ್ಟು ನುಗ್ಗಿ, ಎದುರಾಳಿಯ ಮಂಡಿ ತಾಗಿ ಕೆಳಗೆ ಬಿದ್ದ. ಬಯಲೆಲ್ಲ ಉಸಿರು ಹಿಡಿಯಿತು. ಅವನು ಎದ್ದ, ಏನೂ ಆಗಿರಲಿಲ್ಲ. ಟುಟಾನಿ ಅವನನ್ನು ಹೊರಗೆ ಕರೆದರು.

"ಹೆದರಿ ಅಡ್ಡ ಬೀಳೋನ ಕತ್ತೇ ಮುರಿಯೋದು, ಡುಮಿಲೆ," ಎಂದರು. "ಆಚೆ ಊರಿನ ಆ ಹುಡುಗನೂ ಹಂಗೇ ಬಿದ್ದಿದ್ದು. ಇವನನ್ನ ಇನ್ನು ನಾನು ಇಳಿಸಲ್ಲ."

ಪಟ್ಟಣದವನು ಬೇರೆ ಇಬ್ಬರ ಹೆಸರು ಬರೆದುಕೊಂಡು ಹೋದ.

ಮನೆಗೆ ಹೋಗುವಾಗ ಲುಂಗಾ ಹೇಳಿದ, "ಅವನು ಓಡಿ ಬರ್ತಾನೆ ಮಾಮ, ನಂಗೆ ಅಂಗಳದಲ್ಲಿ ಮಂಚ ಕಾಣುತ್ತೆ." ಸ್ವಲ್ಪ ದೂರ ಹೋದ ಮೇಲೆ, "ಅವ್ವಂಗೆ ಹೇಳ್ಬೇಡ."

"ಹೇಳಿದ್ರೆ ಅವಳಿಗೆ ಖುಷಿಯಾಗುತ್ತೆ ಕಣೋ."

"ಅದಕ್ಕೇ ಹೇಳ್ಬೇಡ."

ಡುಮಿಲೆ ಮಾತು ಕೊಟ್ಟ. ಈ ಹುಡುಗನಿಂದ ತಾನು ಕಿತ್ತುಕೊಂಡದ್ದಕ್ಕೆ ಬದಲಾಗಿ ಕೊಡಲು ಅವನ ಹತ್ತಿರ ಬೇರೇನೂ ಇರಲಿಲ್ಲ.

ಆಮೇಲೆ ಪ್ರತಿ ಶನಿವಾರ ಲುಂಗಾ ಬೂಟು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಹಳ್ಳದ ಹತ್ತಿರ ಒಬ್ಬನೇ ಕೂತಿದ್ದು, ಮಂಡಿಗೆ ಕೆಸರು ಬಳಿದುಕೊಂಡು ಸಂಜೆ ಬರುತ್ತಿದ್ದ. ನೊಸಾಖೆಲೆ ಅಷ್ಟು ಹೊತ್ತೂ ಊಟ ಮಾಡದೆ ಬಾಗಿಲಲ್ಲಿ ಕೂತು ದಿಣ್ಣೆಯ ದಾರಿ ನೋಡುತ್ತಿದ್ದಳು. ಮಗ ಬಂದೊಡನೆ ಕತ್ತು ಮುಟ್ಟಿ ನೋಡಿ, ಆಮೇಲೆ ಬಡಿಸುತ್ತಿದ್ದಳು. ಆ ದಿನದ ನಾಚಿಕೆಗೆ ನೆರೆಯ ಹೆಂಗಸರು ಅವಳ ಮುಂದೆ ರಗ್ಬಿಯ ಮಾತನ್ನೇ ಎತ್ತುತ್ತಿರಲಿಲ್ಲ. ಡುಮಿಲೆಗೆ ಮಾತ್ರ ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕ ಸೊರಗುತ್ತಿದ್ದಳು. ಒಂದು ಮಾತು ಹೇಳಿದರೆ ಅವಳ ಭಯ ಮುಗಿಯುತ್ತಿತ್ತು. ಆ ಮಾತನ್ನು ಅವನು ಲುಂಗಾನಿಗೆ ಕೊಟ್ಟುಬಿಟ್ಟಿದ್ದ.

ಒಂದು ಶನಿವಾರ ಡುಮಿಲೆಯೂ ಅವರ ಜೊತೆ ಊಟಕ್ಕೆ ಕೂತಿದ್ದಾಗ ಅವಳು ಅವನ ಕಡೆ ತಿರುಗಿದಳು. "ನೀನು ನೋಡೋಕೆ ಹೋಗ್ತೀಯಲ್ಲ. ಇವನು ಹೇಗಾಡ್ತಾನೋ?"

"ಚೆನ್ನಾಗಾಡ್ತಾನೆ, ಅಕ್ಕ."

"ನಿಜವಾಗ್ಲೂ?"

"ಇವನ ಹಾಗೆ ಕೆಡವೋರು ಆ ಬಯಲಲ್ಲೇ ಇಲ್ಲ."

ನೊಸಾಖೆಲೆ ಮಗನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದೊಂದು ಮೂಡಿತು. ಅದನ್ನು ಕಂಡು ಡುಮಿಲೆಗೆ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಈ ಬಾಗಿಲಲ್ಲಿ ಕೂತ್ರೆ ವಾರಕ್ಕೊಂದ್ಸಲ ಸಾಯ್ತಾನೆ ಇವನು," ಎಂದಳು. "ಅಲ್ಲೇ ಬಂದು ನೋಡಿದ್ರೆ ಕಣ್ಣೆದುರಿಗಾದ್ರೂ ಇರ್ತಾನೆ. ಮುಂದಿನ ಶನಿವಾರ ನಾನೂ ಬರ್ತೀನಿ. ಎಲ್ಲಿ ನಿಂತ್ಕೋಬೇಕು ಅಂತ ನೀನೇ ತೋರಿಸು."

"ಆಯ್ತಕ್ಕ," ಎಂದ ಡುಮಿಲೆ.

ಲುಂಗಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ಅವನಿಗೆ ಇನ್ನೊಂದು ಸೌಟು ಬಡಿಸಿದಳು.