ನೀರಿನ ಪಾಳಿ

"ಇವನ್ನ ಇಲ್ಲಿ ಯಾರ ಇಟ್ಟಾರ?" ಎಂದು ಕೇಳಿದ ಚನ್ನಬಸವಣ್ಣ ಉತ್ತರಕ್ಕೆ ಕಾಯಲಿಲ್ಲ. ಉಂಗುರ ತೊಟ್ಟ ಬೆರಳಿನಿಂದ ಆ ಹುಣಸೆ ಬೀಜವನ್ನು ಬೆಟ್ಟದ ಬುಡದಿಂದ ನೂಕುತ್ತ ನೂಕುತ್ತ ನೆತ್ತಿಯವರೆಗೆ ತಂದು ನಿಲ್ಲಿಸಿದ. "ಹಾಂ, ಇಲ್ಲಿ. ಕೈಯಾಗ ಬಂದೂಕು, ಹಿಂದ ಝಂಡಾ. ಈಗ ನೋಡು, ಹೆಂಗ ಒಪ್ಪತೈತಿ!"

ಬೆಟ್ಟ ಇನ್ನೂ ಕಾಗದದ ಮೇಲೆಯೇ ಇತ್ತು. ಬೆಟಗೇರಿಯ ಆ ಮನೆಯ ಪಡಸಾಲೆಯಲ್ಲಿ ಮಗ್ಗ ಹೋಗಿ ಕುಣಿ ಮಾತ್ರ ಉಳಿದಿತ್ತು. ಪ್ರಭುಲಿಂಗ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಎಂಟು ಅಡಿ ಉದ್ದ, ಐದು ಅಡಿ ಅಗಲದ ಪ್ಲೈವುಡ್ ಹಾಸಿ, ಮೇಲೆಲ್ಲ ಚೌಕಳಿ ಕಾಗದ ಅಂಟಿಸಿದ್ದ. ಎರಡು ವರ್ಷದಿಂದ ಅವನು ಹಿಮದ ನಾಡಿನ ಒಂದು ಗಡಿ ಠಾಣೆಯ ಮಾದರಿಗೆ ನಕ್ಷೆ ಹಾಕುತ್ತಿದ್ದ. ಅಳತೆ ಮೂವತ್ತೈದಕ್ಕೆ ಒಂದು. ಆರಡಿಯ ಸಿಪಾಯಿ ಇಲ್ಲಿ ಒಂದು ಹೆಬ್ಬೆರಳಿನಷ್ಟು. ಥರ್ಮಾಕೋಲಿನ ಬೆಟ್ಟ, ಪ್ಲಾಸ್ಟರಿನ ಹಿಮ, ಹಳೆಯ ಮಗ್ಗದ ತಂತಿ ತಿರುಚಿ ಮುಳ್ಳುಬೇಲಿ, ಮೂರು ಡೇರೆ, ಮರಳು ಚೀಲದ ಎರಡು ಬಂಕರು, ಹದಿನೆಂಟು ಜನ. ಮಣ್ಣಿನ ಸಿಪಾಯಿಗಳು ತಯಾರಾಗುವವರೆಗೆ ಅವರ ಜಾಗವನ್ನು ಹುಣಸೆ ಬೀಜಗಳು ಕಾಯುತ್ತಿದ್ದವು. ಹದಿನೇಳು ಕಪ್ಪು ಬೀಜ. ಕಲ್ಲಿಗೆ ತಿಕ್ಕಿ ಒಂದು ಮಗ್ಗಲು ಬೆಳ್ಳಗೆ ಮಾಡಿದ ಒಂದು ಬೀಜ ಅವನ ತಮ್ಮ ಪ್ರಲ್ಹಾದ. ಹನ್ನೊಂದು ವರ್ಷದ ಹಿಂದೆ ಆ ಠಾಣೆಯಲ್ಲಿ ಸತ್ತವನು.

"ಸಾವಕಾರ್ರ, ಅಂವ ಕೆಳಗೇ ಇದ್ದ," ಎಂದ ಪ್ರಭುಲಿಂಗ. "ಝರಿಯಿಂದ ನೀರು ತರ್ತಿದ್ದ. ಬೆನ್ನಿಗೆ ಕ್ಯಾನ್ ಕಟ್ಟಿಗೊಂಡು ಏರಿ ಬರೂದನ್ನ ತೋರಸ್ಬೇಕಂತ ನಾ…"

"ಹೆಣ್ಮಕ್ಕಳಂಗ ನೀರು ಹೊತ್ಕೊಂಡು?" ಚನ್ನಬಸವಣ್ಣ ನಕ್ಕ. ಗದುಗಿನಲ್ಲಿ ಅವನದು ಹತ್ತಿ ವ್ಯಾಪಾರ. ಹೊಸದಾಗಿ ಕಟ್ಟಿಸಿದ ಸಭಾಭವನದ ಸಮಿತಿಗೆ ಅವನೇ ಅಧ್ಯಕ್ಷ. "ಅಲ್ಲೋ ತಮ್ಮಾ, ಊರಾಗ ಹನ್ನೆರಡು ದಿನಕ್ಕೊಮ್ಮಿ ನಳಾ ಬರತೈತಿ. ಮಂದಿ ಕೊಡಾ ಹೊತ್ತು ಹೊತ್ತು ನಡಾ ಮುರಕೊಂಡಾರ. ನನ್ನ ಹಾಲ್‌ಗೆ ಬಂದೂ ಅದನ್ನ ನೋಡ್ಬೇಕೇನು? ಏಳು ಮಂದಿ ವೈರಿಗೋಳನ್ನ ಹೊಡದಾಂವ ಅಂವ. ನೀನ ಫ್ಲೆಕ್ಸಿನ ಮ್ಯಾಲೆ ಅಚ್ಚು ಹಾಕಿದ್ದಿ, ಮರತೇನು?"

ಪ್ರಭುಲಿಂಗನಿಗೆ ಮೈಯೆಲ್ಲ ಉರಿದುಹೋಯಿತು. ಆ ಉಂಗುರದ ಬೆರಳನ್ನು ಹಿಡಿದು ತಿರುಚಿಬಿಡಬೇಕು ಅನ್ನಿಸಿತು. ಆದರೆ ಎಂಟು ಅಡಿಯ ಬೆಟ್ಟವನ್ನು ಇಡಲು ಊರಲ್ಲಿ ಬೇರೆ ಜಾಗವಿರಲಿಲ್ಲ, ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ ಎಂದವರೂ ಬೇರೆ ಯಾರೂ ಇರಲಿಲ್ಲ. ಅದೂ ನೆಪವೇ. ಏಳರ ಮಾತು ಸಾಹುಕಾರ ಹುಟ್ಟಿಸಿದ್ದಲ್ಲ, ಇವನದೇ.

"ಆತ್ರಿ," ಎಂದ.

ಸಾಹುಕಾರ ಚಪ್ಪಲಿ ಮೆಟ್ಟಿಕೊಂಡು ಹೋದ. ಪ್ರಭುಲಿಂಗ ಅಂಟಿನ ಡಬ್ಬಿ ತಂದು, ಬಿಳಿ ಬೀಜದ ತಳಕ್ಕೆ ಅಂಟು ಸವರಿ, ನೆತ್ತಿಯ ಮೇಲೆ ಒತ್ತಿ ಕೂರಿಸಿದ. ಇನ್ನು ಅದು ಜಾರದ ಹಾಗೆ, ತನ್ನ ಮನಸ್ಸೂ ಜಾರದ ಹಾಗೆ.

ಪ್ರಲ್ಹಾದ ಸತ್ತ ಸುದ್ದಿಯ ಕಾಗದ ಬಂದ ದಿನ ಇದೇ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಮಂದಿಯೆಲ್ಲ ನೆರೆದಿತ್ತು. ಅವ್ವ ಬನಶಂಕರೆವ್ವ ಗೋಡೆಗೆ ಒರಗಿ ಕೂತಿದ್ದಳು. ಪಲ್ಟನ್ನಿನವರು ಇಂಗ್ಲಿಷಿನಲ್ಲಿ ಬರೆದಿದ್ದ ಕಾಗದ. ಓದಲು ಬರುತ್ತಿದ್ದವನು ಇವನೊಬ್ಬನೇ. ನೀರು ತರುವಾಗ ಹಿಮದ ಮೇಲೆ ಕಾಲು ಜಾರಿ ಕೊರಕಲಿಗೆ ಬಿದ್ದು ತೀರಿಕೊಂಡರು ಎಂಬ ಎರಡು ಸಾಲು. ಅಷ್ಟು ಜನ ಕಿವಿ ನಿಮಿರಿಸಿ ನಿಂತಿರುವಾಗ ಜಾರಿ ಬಿದ್ದ ಎಂದು ಹೇಳಲು ಇವನ ನಾಲಿಗೆ ಏಳಲಿಲ್ಲ. ಏಳು ಜನರನ್ನು ಹೊಡೆದು ತಾನೂ ಬಿದ್ದ ಎಂದುಬಿಟ್ಟ. ಏಳೇ ಯಾಕೆ ಬಾಯಿಗೆ ಬಂತೋ! ಮರುದಿನ ತಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಸರ್ಕಲ್ಲಿನಲ್ಲಿ ಕಟ್ಟಿಸಿದ. ಅಲ್ಲಿಗೆ ಸುಳ್ಳಿಗೆ ಕಾಲು ಬಂತು.

ಮಾದರಿಯಲ್ಲಾದರೂ ಖರೆ ಇರಲಿ ಎಂದು ಬೀಜವನ್ನು ಕೆಳಗಿಟ್ಟಿದ್ದ. ಎರಡು ವರ್ಷ ಕೂಡಿಸಿದ ಆ ಧೈರ್ಯ ಸಾಹುಕಾರನ ಒಂದು ಬೆರಳಿನ ಎದುರು ನಿಲ್ಲಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಲಕ್ಷ್ಮೇಶ್ವರದಿಂದ ಸಮೀವುಲ್ಲಾ ಬಂದ. ಪ್ರಲ್ಹಾದನ ಜೊತೆ ಅದೇ ಠಾಣೆಯಲ್ಲಿದ್ದವನು. ಈಗ ಒಂದು ಗೋದಾಮಿನ ಕಾವಲುಗಾರ. ಎರಡು ವರ್ಷದ ಹಿಂದೆ ಮನೆ ಹುಡುಕಿಕೊಂಡು ಬಂದಾಗಿನಿಂದ ಈ ನಕ್ಷೆಯ ಬಂಡೆ, ತಿರುವು, ಇಳಿಜಾರುಗಳನ್ನೆಲ್ಲ ನೆನಪಿನಿಂದ ಹೇಳಿ ಬರೆಸಿದವನು ಅವನೇ. ಅವ್ವನ ಮುಂದೆ ಮಾತ್ರ ಸಾವಿನ ಮಾತು ಎತ್ತಬೇಡ, ತಡೆದುಕೊಳ್ಳುವುದಿಲ್ಲ ಎಂದು ಪ್ರಭುಲಿಂಗ ಮೊದಲ ದಿನವೇ ಅವನ ಬಾಯಿಗೆ ಬೀಗ ಹಾಕಿದ್ದ. ಸತ್ತವನ ಅಣ್ಣ ಹೇಳುತ್ತಿದ್ದಾನೆ ಎಂದು ಸಮೀವುಲ್ಲಾ ಒಪ್ಪಿದ್ದ.

ಇವತ್ತು ಅವನು ಕೂರಲೂ ಇಲ್ಲ. ನಕ್ಷೆಯ ಮೇಲೆ ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಪ್ರಭಣ್ಣಾ, ಇದೇನಿದು?"

"ಹಾಲ್‌ನವರು ಹಂಗ ಬೇಕಂದ್ರು," ಎಂದು ಪ್ರಭುಲಿಂಗ ದನಿ ತಗ್ಗಿಸಿದ. "ಈಗ ಬ್ಯಾಡ. ಅವ್ವ ಒಳಗದಾಳ."

"ಒಳಗಿಲ್ಲ, ಇಲ್ಲೇ ಅದೀನಿ."

ಬನಶಂಕರೆವ್ವ ಚಹದ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಟ್ಟಲನ್ನು ಸಮೀವುಲ್ಲಾನ ಕೈಗೆ ಕೊಟ್ಟು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಹಲಗೆಯ ಹತ್ತಿರ ಬಂದಳು.

"ನಾನೂ ಅದನ್ನ ಕೇಳಬೇಕಂತಿದ್ದೆ. ಈ ಬಿಳಿ ಬೀಜ ಮುಂಜಾನಿ ತನಕಾ ಆ ದೊಡ್ಡ ಡೇರೆದಿಂದ ನಲವತ್ತೆರಡು ಚೌಕ ಕೆಳಗಿತ್ತು, ಬಲಕ್ಕ ಒಂಬತ್ತು. ಈಗ ಮ್ಯಾಲೆ ಹೆಂಗ ಬಂತು?"

ಅವ್ವನಿಗೆ ಅಕ್ಷರ ಬಾರದು, ನಕ್ಷೆ ಏನು ತಿಳಿದೀತು ಎಂದು ಪ್ರಭುಲಿಂಗ ಎರಡು ವರ್ಷ ಅದನ್ನು ಅವಳ ಕಣ್ಣೆದುರೇ ಹರಡಿ ಕೂತಿದ್ದ. ಹರಡಿದ್ದು ಎಂಥ ಕಾಗದದ ಮೇಲೆ! ಸೀರೆಯ ಅಂಚು ಸೆರಗಿನ ನಕ್ಷಿ ಬರೆಯುವ ಕಾಗದ, ಅಪ್ಪ ಬಿಟ್ಟು ಹೋದ ಸುರುಳಿ. ನಲವತ್ತು ವರ್ಷ ಅದೇ ಕಾಗದವನ್ನು ಎದುರಿಗೆ ತೂಗುಹಾಕಿಕೊಂಡು, ಚೌಕ ಎಣಿಸಿ, ಒಂದು ಎಳೆ ತಪ್ಪದ ಹಾಗೆ ನೇಯ್ದ ಹೆಂಗಸು ಅವಳು. ಮಗ ಇದನ್ನು ಮರೆತಿದ್ದ.

"ಪ್ರಲ್ಹಾದ ಅಲ್ಲ ಅದು?" ಎಂದಳು. "ನಾ ಕಸಾ ಹೊಡಿಯಾಕ ಬಂದ್ರ ಉಳಿದ ಬೀಜ ಎಲ್ಲಾ ಡಬ್ಬಿಗೆ ಹಾಕ್ತಿ, ಅದೊಂದನ್ನ ಕಿಸೇದಾಗ ಇಟಗೊಂತಿ. ಕೆಳಗ ಏನ ಮಾಡ್ತಿದ್ದ ಅಂವ? ಎರಡು ವರ್ಷದಿಂದ ನೀನಾಗೇ ಹೇಳ್ತಿ ಅಂತ ಹಾದಿ ಕಾದೀನಿ."

"ಯವ್ವಾ, ಅದು…"

"ನಾ ಹೇಳತೇನ್ರಿ ಅವ್ವಾರ," ಎಂದ ಸಮೀವುಲ್ಲಾ. ಬಟ್ಟಲನ್ನು ಹಲಗೆಯ ತುದಿಯಲ್ಲಿ ಕುಕ್ಕಿದ ರಭಸಕ್ಕೆ ಚಹ ಚೆಲ್ಲಿ ಎರಡು ಬಂಡೆ ತೊಯ್ದವು. "ಸುಮ್ನಿದ್ದು ಸುಮ್ನಿದ್ದು ನನಗೂ ಸಾಕಾಗೈತಿ. ನೀರು ತರ್ತಿದ್ದ. ಮ್ಯಾಲಿನ ಟಾಕಿ ಬರ್ಫಾಗಿ ಒಡದಿತ್ತು. ದಿನಕ್ಕೊಬ್ಬರು ಇಳದು ತರೂದು, ಪಾಳಿ ಹಚ್ಚಿದ್ರು. ಅವತ್ತಿನ ಪಾಳಿ ನಂದು. ನನಗ ಜ್ವರಾ ಬಂದು ಮ್ಯಾಲೆ ಏಳಾಕ ಆಗಲಿಲ್ಲ. 'ನೀ ಮಲಕೋಲೇ' ಅಂತ ನನ್ನ ಕ್ಯಾನ್ ತಗೊಂಡು ಇಳದ. ತುಂಬಿಕೊಂಡು ಅರ್ಧಾ ಏರಿದ್ದ, ಕಾಲು ಜಾರಿತು." ಪ್ರಭುಲಿಂಗನ ಕಡೆ ತಿರುಗಿದ. "ನನ್ನ ಪಾಳಿಗೆ ಹೋಗಿ ಸತ್ತಾಂವನ್ನ ಝಂಡಾದ ಕೆಳಗ ನಿಂದರಿಸಿ ಫೋಟೋ ತಗಸ್ತಿ ಏನು ನೀ? ಹಂಗಾದ್ರ ನಾ ಯಾಕ ಬದುಕೀನಿ, ಅದನ್ನೂ ನೀನ ಬರದು ಹಚ್ಚು!"

ಬನಶಂಕರೆವ್ವ ಹಲಗೆಯ ಅಂಚು ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡು ಪ್ರಭುಲಿಂಗ ಮುಂದೆ ಬಂದ. ಅವಳು ಅಳಲಿಲ್ಲ.

"ಕಾಗದದಾಗ ಏನಿತ್ತು?"

"ಸಮೀವುಲ್ಲಾ ಹೇಳಿದ್ದ ಇತ್ತು."

"ನೀ ಏನು ಓದಿದಿ?"

ಪ್ರಭುಲಿಂಗ ಬಗ್ಗಿ, ತೊಯ್ದ ಬಂಡೆಗಳ ಮೇಲಿನ ಚಹ ಒರೆಸತೊಡಗಿದ.

"ಏಳು ಮಂದಿನ್ನ ಹೊಡದ ಅಂತ ಓದಿದಿ. ಅಮಾಸಿಗೊಮ್ಮೆ ದೇವರ ಮುಂದ ಏಳು ದೀಪ ಹಚ್ಚತೇನಲ್ಲ, ಯಾಕಂತ ಒಂದ ದಿನಾ ಕೇಳಿದೇನು? ಆ ಏಳು ಮಂದಿ ತಾಯಂದಿರಿಗಂತ ಹಚ್ಚತೇನಿ. ನನ್ನ ಮಗಾ ನಿಮ್ಮ ಹೊಟ್ಟಿ ಉರಿಸ್ಯಾನ, ಶಾಪಾ ಹಾಕಬ್ಯಾಡ್ರೆವ್ವಾ ಅಂತ ಅವರಿಗೆ ಕೈ ಮುಗೀತೇನಿ. ಹನ್ನೊಂದು ವರ್ಷ! ಒಂದು ಇರುವಿನೂ ತುಳೀದ ಹುಡುಗಗ ಏಳು ಖೂನಿ ಹೊರಿಸಿ ನನ್ನ ಕೈಲೆ ಕ್ಷಮಾ ಕೇಳಸ್ದೆಲ್ಲೋ!"

"ನಿನಗ ತ್ರಾಸ ಆಗಬಾರ್ದಂತ ಯವ್ವಾ…"

"ನನಗೋ, ನಿನಗೋ?" ಅವಳ ದನಿಗೆ ಓಣಿಯಲ್ಲಿ ಹೋಗುತ್ತಿದ್ದವರು ಹೊರಳಿ ನೋಡಿದರು. "ನೀರು ತರೂದಂದ್ರ ನಿನಗ ನಾಚಿಕಿ. ಈ ಮನ್ಯಾಗ ನೀರು ಯಾರ ತಂದಾರ? ನೀ ಎಂದರ ಒಂದು ಕೊಡಾ ಎತ್ತೀಯೇನು? ಏಳನೇ ಇಯತ್ತೆದಿಂದ ಸೈಕಲ್ಲಿಗೆ ನಾಕು ಕೊಡಾ ಕಟ್ಟಿಗೊಂಡು ಅಂವ ತಂದ, ನೀ ಕುಡದಿ. ಅಲ್ಲೂ ಅಂವ ತಂದ, ಅವರು ಕುಡದ್ರು. ಅದಕ್ಕಿಂತ ದೊಡ್ಡದು ಏನ ಬೇಕಾಗಿತ್ತೋ ನಿನಗ?"

ಬಗ್ಗಿ, ಉಗುರಿನಿಂದ ಬಿಳಿ ಬೀಜವನ್ನು ಕಿತ್ತಳು. ಅಂಟು ಗಟ್ಟಿಯಾಗಿತ್ತು. ಬೀಜದ ಜೊತೆ ಬೆಟ್ಟದ ನೆತ್ತಿಯ ಕಾಗದವೂ ಹರಿದು ಬಂತು, ಕೆಳಗಿನ ಪ್ಲೈವುಡ್ ಕಾಣಿಸಿತು. ಎರಡು ವರ್ಷದ ಕೆಲಸ ಎಂದು ಪ್ರಭುಲಿಂಗನ ಕೈ ತಾನಾಗಿ ಮುಂದೆ ಹೋಯಿತು. ಅವಳು ಅವನನ್ನು ನೋಡಿದ ರೀತಿಗೆ ಹಿಂದಕ್ಕೆ ಬಂತು.

"ನೀ ಹೊರಗ ನಡಿ," ಎಂದಳು.

"ಯವ್ವಾ?"

"ಹೊರಗ ನಡಿ ಅಂದೆ. ನಿನ್ನ ಬಾಯಿಲೆ ಕೇಳಿದ್ದು ಸಾಕು. ನನ್ನ ಮಗನ ಸುದ್ದಿ ನಾ ಇವನ ಬಾಯಿಲೆ ಕೇಳತೇನಿ. ಸಮೀವುಲ್ಲಾ, ಕುಂಡ್ರಪ್ಪಾ."

ಐವತ್ತು ದಾಟಿದ ಗಂಡಸು, ತಾನು ಹುಟ್ಟಿದ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದ. ಹಿಂದೆ ಬಾಗಿಲು ಮುಚ್ಚಿ ಅಗಳಿ ಬಿದ್ದ ಸದ್ದಾಯಿತು. ಹಾಡುಹಗಲಿನಲ್ಲಿ ಆ ಮನೆಯ ಬಾಗಿಲಿಗೆ ಅಗಳಿ ಬಿದ್ದದ್ದನ್ನು ಅವನು ಈವರೆಗೆ ಕೇಳಿರಲಿಲ್ಲ. ಎದುರು ಮನೆಯ ಉಡಚವ್ವ ಸೊಪ್ಪು ಸೋಸುವುದನ್ನು ಬಿಟ್ಟು ಇವನನ್ನೇ ನೋಡುತ್ತಿದ್ದಳು. ಅವನು ಕಟ್ಟೆಯ ಮೇಲೆ ಕೂತ. ಸಾಹುಕಾರನ ಮೇಲೆ, ಸಮೀವುಲ್ಲಾನ ಮೇಲೆ, ನೋಡುತ್ತಿದ್ದ ಉಡಚವ್ವನ ಮೇಲೂ ಸಿಟ್ಟು ಬಂತು. ಯಾವ ಸಿಟ್ಟೂ ಬಹಳ ಹೊತ್ತು ನಿಲ್ಲಲಿಲ್ಲ.

ಒಳಗಿನ ಮಾತು ಬಾಗಿಲ ಸಂದಿನಿಂದ ಬರುತ್ತಿತ್ತು.

"ಕ್ಯಾನ್ ಎಷ್ಟ ಭಾರ ಇತ್ತು?"

"ಇಪ್ಪತ್ತು ಲೀಟರ್ ರೀ ಅವ್ವಾರ."

"ಕೈಗೆ ಉಲನ್ ಚೀಲಾ ಹಾಕ್ಕೊಂಡಿದ್ನೇನು? ಥಂಡಿಗೆ ಅವನ ಕೈ ಒಡೀತಿದ್ವು."

"ನನ್ನ ಚೀಲಾನೂ ಅಂವನ ಹಾಕ್ಕೊಂಡಿದ್ದ. ಹೊರಡೂ ಮುಂದ ಏನಂದ ಗೊತ್ತೇನ್ರಿ…"

ಮುಂದಿನದು ಕೇಳಿಸಲಿಲ್ಲ. ತಮ್ಮ ಕೊನೆಗೆ ಏನು ಅಂದ ಎಂದು ಪ್ರಭುಲಿಂಗ ಈ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬಂಡೆ ಎಷ್ಟು ಎತ್ತರ, ಇಳಿಜಾರು ಎಷ್ಟು ಕಡಿದು ಎಂದಷ್ಟೇ ಕೇಳಿದ್ದ. ಎದ್ದು ಹೋಗಿ ಬಾಗಿಲಿಗೆ ಅಂಗೈ ಹಚ್ಚಿದ.

"ಯವ್ವಾ, ನಾನೂ ಕೇಳತೇನಿ. ಬಾಗಲಾ ತಗಿ."

ಒಳಗೆ ಮಾತು ನಿಂತಿತು. ಯಾರೂ ಏಳಲಿಲ್ಲ. ಅವನು ಇನ್ನೊಮ್ಮೆ ಬಾಗಿಲು ತಟ್ಟಿದ, ಕಾದ, ಆಮೇಲೆ ಕೈ ಇಳಿಬಿಟ್ಟ. ಅವನು ಸುಮ್ಮನಾದದ್ದು ಖಾತ್ರಿಯಾದ ಮೇಲೆ ಒಳಗಿನ ಮಾತು, ಮೊದಲಿಗಿಂತ ಸಣ್ಣ ದನಿಯಲ್ಲಿ, ಮತ್ತೆ ಶುರುವಾಯಿತು.