ಆರು ಎಂಎಂ ಲೆನ್ಸಿನ ಕೋಣೆ

ತುಮಕೂರಿನ ಬಾಡಿಗೆ ಕೋಣೆಯೊಂದರಲ್ಲಿ ಅನುಪಮಾ ಜನರ ನಡಿಗೆಯನ್ನು ಅಳೆಯುತ್ತಿದ್ದಳು. ಸೊಂಟ, ಮಂಡಿ, ಪಾದಗಳಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ ನಡೆಸಿದರೆ, ಸುತ್ತಲಿನ ಆರು ಕ್ಯಾಮೆರಾಗಳು ಅವುಗಳ ಚಲನೆಯನ್ನು ಹಿಡಿದು ಕಂಪ್ಯೂಟರಿಗೆ ಕೊಡುತ್ತಿದ್ದವು. ಕುಣಿಗಲ್ಲಿನಲ್ಲಿ ಕೃತಕ ಕಾಲು ಮಾಡುವ ಸೋಮಶೇಖರ್ ಆ ಅಳತೆ ನೋಡಿ ಕಾಲನ್ನು ತಿದ್ದುತ್ತಿದ್ದರು.

ಅವತ್ತು ಚೇಳೂರಿನಿಂದ ರುದ್ರಯ್ಯ ಬಂದಿದ್ದರು, ಜೊತೆಗೆ ಹೆಂಡತಿ ತಿಪ್ಪಮ್ಮ. ರುದ್ರಯ್ಯ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಹೋದ ವರ್ಷದ ಅಪಘಾತದಲ್ಲಿ ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಈಗ ಸೋಮಶೇಖರ್ ಮಾಡಿಕೊಟ್ಟ ಕಾಲು ಹಾಕಿಕೊಂಡು ನಡೆಯುತ್ತಿದ್ದರು.

ಕೋಣೆ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ದೂರದ್ದನ್ನು ಹತ್ತಿರ ತರುವ ಹನ್ನೆರಡು ಎಂಎಂ ಲೆನ್ಸಿನಲ್ಲಿ ಗುಂಡುಗಳೇನೋ ನಿಚ್ಚಳವಾಗಿ ಕಂಡವು, ಆದರೆ ರುದ್ರಯ್ಯನವರ ಪಾದವೇ ಕಾಣಲಿಲ್ಲ. ನಾಲ್ಕು ಎಂಎಂ ಹಾಕಿದಳು. ಇಡೀ ಕೋಣೆ ಒಳಗೆ ಬಂತು. ಗುಂಡುಗಳು ಸಾಸಿವೆ ಕಾಳಾದವು, ಅಂಚಿನಲ್ಲಿ ಗೋಡೆ ಬಾಗಿತು. ಕೊನೆಗೆ ಆರು ಎಂಎಂಗೆ ಒಪ್ಪಿಕೊಂಡಳು. ಅದಕ್ಕೂ ಒಂದಡಿ ಸಾಲಲಿಲ್ಲವೆಂದು ಬಾಗಿಲು ಮುಚ್ಚಿ ಚಿಲಕ ಹಾಕಿ, ಒಂದು ಕ್ಯಾಮೆರಾದ ಸ್ಟ್ಯಾಂಡನ್ನು ಬಾಗಿಲಿಗೇ ಒತ್ತಿ ನಿಲ್ಲಿಸಿದಳು. ಬಿಸಿಲು ಬಿದ್ದರೆ ಅಳತೆ ಕೆಡುತ್ತದೆಂದು ಕಿಟಕಿಗೆ ಮೊದಲೇ ಕಪ್ಪು ಬಟ್ಟೆ ಹೊಡೆದಿತ್ತು. ಜಾಗ ಸಾಲದೆ ತಿಪ್ಪಮ್ಮ ಹೊರಗೆ ಕುಳಿತರು.

ಕ್ಯಾಮೆರಾಗಳನ್ನು ಒಂದಕ್ಕೊಂದು ಹೊಂದಿಸಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ರುದ್ರಯ್ಯ ಮೂಲೆಯ ಸ್ಟೂಲಿನ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದರು.

ನಾಲ್ಕು ಹೆಜ್ಜೆ ನಡೆದರೆ ಗೋಡೆ. ತಿರುಗಿ ನಾಲ್ಕು ಹೆಜ್ಜೆ, ಮತ್ತೆ ಗೋಡೆ. ಮೂರನೆಯ ಸಲ ಅವರು ನಡುವೆಯೇ ನಿಂತರು. ಅಂಗಿ ಒದ್ದೆಯಾಗಿತ್ತು.

"ಬಾಗ್ಲು ತೆಗೀರವ್ವ."

"ಒಂದೇ ಒಂದ್ ಸಲ ರುದ್ರಯ್ಯನೋರೆ. ಸ್ಟ್ಯಾಂಡ್ ಅಲುಗಾಡಿದ್ರೆ ಮತ್ತೆ ಮೊದ್ಲಿಂದ ಹೊಂದಿಸ್ಬೇಕು."

ಅವರು ನಡೆದರು. ಎರಡನೆಯ ಹೆಜ್ಜೆಗೆ ಗೋಡೆ ಹಿಡಿದರು. "ಗಾಳಿ ಇಲ್ಲ... ಗಾಳಿ ಇಲ್ಲ ಕಣವ್ವ!"

ಹೊರಗಿಂದ ತಿಪ್ಪಮ್ಮ ಬಾಗಿಲು ಬಡಿದರು. "ಏನಾಯ್ತು? ತೆಗೀರಿ! ಬೇಗ ತೆಗೀರಿ!"

ಅನುಪಮಾ ಚಿಲಕ ತೆಗೆದಳು. ತಿಪ್ಪಮ್ಮ ತಳ್ಳಿದ ರಭಸಕ್ಕೆ ಸ್ಟ್ಯಾಂಡಿನ ಕಾಲು ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ನಾಲ್ಕು ಬೆರಳು ತೆರೆದ ಬಾಗಿಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಆ ಸಂದಿಗೆ ಮುಖ ಒತ್ತಿ ರುದ್ರಯ್ಯ ಉಸಿರೆಳೆಯುತ್ತಿದ್ದರು. ಅನುಪಮಾ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕ್ಯಾಮೆರಾ ನೆಲಕ್ಕೆ ಬಿತ್ತು, ಬಾಗಿಲು ತೆರೆಯಿತು.

"ಲಾರಿ ಮಗುಚ್ದಾಗ ಮೂರ್ ಗಂಟೆ ಕ್ಯಾಬಿನ್ನಾಗೆ ಸಿಕ್ಕಾಕ್ಕೊಂಡಿದ್ರು," ಎಂದರು ತಿಪ್ಪಮ್ಮ, ಗಂಡನ ಬೆನ್ನು ಸವರುತ್ತ. "ಈಗ್ಲೂ ಮನೇಲಿ ಬಚ್ಚಲ ಬಾಗ್ಲು ಹಾಕಲ್ಲ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವ್ ಕೇಳ್ಲಿಲ್ವಲ್ಲ," ಎಂದರು ರುದ್ರಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅನುಪಮಾಳನ್ನು ಚುಚ್ಚಿತು. ಬಾಗಿಲು ತೆಗೆಯಿರಿ ಎಂದು ಅವರು ಕೇಳಿದಾಗ ಅವಳು ಸ್ಟ್ಯಾಂಡಿನ ಬಗ್ಗೆ ಯೋಚಿಸಿದ್ದಳು.

ಸಂಜೆ ಸೋಮಶೇಖರ್ ಫೋನ್ ಮಾಡಿದರು. "ಅಳತೆ ಬಂತಾ? ಕಳ್ಸಿ, ನಾಳೇನೇ ಕಾಲು ತಿದ್ದಿಬಿಡ್ತೀನಿ."

ಮೊದಲೆರಡು ಸಲದ ಅಳತೆ ಚೊಕ್ಕವಾಗಿ ಸಿಕ್ಕಿತ್ತು. ಆದರೆ ಅದರಲ್ಲಿ ಮಂಡಿ ಬಿಗಿದಿತ್ತು, ಹೆಜ್ಜೆ ಗಿಡ್ಡವಾಗಿತ್ತು. ಹೊರಗೆ ಬಸ್ಸಿನ ಕಡೆ ಹೊರಟಾಗ ರುದ್ರಯ್ಯ ಹಾಗೆ ನಡೆದಿರಲಿಲ್ಲ.

"ಇದು ಅವ್ರ ನಡಿಗೆ ಅಲ್ಲ ಸರ್. ಹೆದರ್ಕೊಂಡು ನಡೆದಿರೋದು. ಇದಕ್ಕೆ ಸರಿಯಾಗಿ ಕಾಲು ತಿದ್ದಿದ್ರೆ ಹಂಗೇ ನಡೀಬೇಕಾಗುತ್ತೆ. ಒಂದ್ ವಾರ ಟೈಮ್ ಕೊಡಿ."

ರುದ್ರಯ್ಯನವರಿಗೆ ಫೋನ್ ಮಾಡಿ, ಮುಂದಿನ ವಾರ ಬಿಸಿಲು ಇಳಿದ ಮೇಲೆ ಬನ್ನಿ ಎಂದಳು. ಅವರು ಬರುವಷ್ಟರಲ್ಲಿ ಬಾಗಿಲನ್ನೇ ಕಳಚಿಸಿ ಗೋಡೆಗೆ ಒರಗಿಸಿದ್ದಳು. ಒಂದು ಕ್ಯಾಮೆರಾ ಹೊರಗಿನ ಓಣಿಗೆ ಹೋಗಿತ್ತು. ಅಷ್ಟು ದೂರದಿಂದ ಹನ್ನೆರಡು ಎಂಎಂ ಲೆನ್ಸಿನಲ್ಲೂ ಪಾದ ಕಂಡಿತು.

ರುದ್ರಯ್ಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತರು. ಅವಳು ಅವಸರ ಮಾಡಲಿಲ್ಲ. ಆಮೇಲೆ ಒಳಗೆ ಹೋಗಿ, ತಿರುಗಿ, ಓಣಿಯಲ್ಲಿ ನಿಂತ ತಿಪ್ಪಮ್ಮನ ಕಡೆಗೆ ನಡೆದರು. ಮಂಡಿ ಸಲೀಸಾಗಿ ಬಾಗಿತು.

ಒಳಗಿನ ಗೋಡೆಯ ಕಡೆ ಹೋಗುವಾಗ ಮಾತ್ರ ಹೆಜ್ಜೆ ಮತ್ತೆ ಗಿಡ್ಡವಾಗುತ್ತಿತ್ತು. ಆ ಅಳತೆಗಳನ್ನು ಅನುಪಮಾ ತೆಗೆದುಹಾಕಿದಳು. ಹೊರಕ್ಕೆ ನಡೆದ ಒಂಬತ್ತು ಸಲದ್ದನ್ನಷ್ಟೇ ಕುಣಿಗಲ್ಲಿಗೆ ಕಳಿಸಿದಳು.