ಒಳಚಿಲಕ ಇಲ್ಲದ ಬಾಗಿಲು

ಬಚ್ಚಲಿನ ನಲ್ಲಿ ತಿರುಗಿಸಿದೊಡನೆ ಗ್ಯಾಸ್ ಗೀಸರು ಚಟ್ ಚಟ್ ಎಂದು ಕಿಡಿ ಹಾರಿಸಿತು. ಅದರ ಪುಟ್ಟ ಕಿಂಡಿಯಲ್ಲಿ ನೀಲಿ ಉರಿ ಹೊತ್ತಿಕೊಂಡಿತು. ನಾನು ಅದನ್ನೇ ನೋಡುತ್ತ ನಿಂತೆ. ಹದಿಮೂರು ದಿನಗಳ ಕರ್ಮವೆಲ್ಲ ಮುಗಿದು, ಕೊನೆಯ ನೆಂಟರೂ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿ, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದ ಮೊದಲ ಬೆಳಗು ಅದು. ಹಾಲಿನವನು ಎಂದಿನಂತೆ ಒಂದು ಲೀಟರು ಇಟ್ಟು ಹೋಗಿದ್ದ. ಇನ್ನು ಅರ್ಧ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ಅಳು ಬರಲಿಲ್ಲ. ಆ ಹದಿಮೂರು ದಿನವೂ ಬಂದಿರಲಿಲ್ಲ. ಅದನ್ನು ಗಮನಿಸಿದವರು ತಮ್ಮತಮ್ಮಲ್ಲೇ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು.

"ಬಿಸಿನೀರು ಬಂತೇನೇ?" ಅತ್ತೆ ಹಿಂದಿನಿಂದ ಕೇಳಿದರು.

"ಬಂತು, ಹೋಗಿ."

"ಇವತ್ತು ತಲೆಗೆ ಹಾಕ್ಕೋತೀನಿ. ತಡ ಆಗತ್ತೆ. ನಿಂಗೇನು ಅವಸರ ಇಲ್ವಲ್ಲ?"

ನನಗೆ ಯಾವ ಅವಸರವೂ ಇರಲಿಲ್ಲ.

ಅತ್ತೆ ಬಾಗಿಲು ಮುಚ್ಚಿಕೊಂಡು ಹಾಡತೊಡಗಿದರು. ನಮ್ಮ ಬಚ್ಚಲಿನ ಬಾಗಿಲಿಗೆ ಒಳಚಿಲಕ ಇರಲಿಲ್ಲ. ಇದ್ದದ್ದನ್ನು ವಾದಿರಾಜ ಎರಡು ತಿಂಗಳ ಹಿಂದೆ ಬಿಚ್ಚಿಹಾಕಿದ್ದ. ವಾದಿರಾಜ ನನ್ನ ಗಂಡ. ವಿಶ್ವವಿದ್ಯಾಲಯದಲ್ಲಿ ಒಂದೇ ತರಗತಿಯಲ್ಲಿ ಓದಿದವರಾದ್ದರಿಂದ ನಾವಿಬ್ಬರೂ ಏಕವಚನ ಬಿಟ್ಟಿರಲಿಲ್ಲ. ಅವನು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲೇ, ಕಪಾಟುಗಳ ನಡುವೆ, ಕೈಯಲ್ಲಿದ್ದ ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸುವ ಮೊದಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಮೂವತ್ತನಾಲ್ಕು ವರ್ಷ.

ಚಿಲಕ ಬಿಚ್ಚಿದ ದಿನ, "ಯಾಕೆ?" ಎಂದು ಕೇಳಿದ್ದೆ.

"ಸಡಿಲ ಆಗಿತ್ತು. ಹೊಸದು ಹಾಕ್ತೀನಿ."

"ಯಾವಾಗ?"

"ನಾಳೆ."

ಅವನ ನಾಳೆ ಬರಲೇ ಇಲ್ಲ. ಅಲ್ಲಿಯವರೆಗೆ ಒಳಗಿದ್ದವರು ಬಾಗಿಲ ಮೇಲೆ ಟವೆಲು ಹಾಕಿ ಹಾಡಬೇಕು ಎಂದು ಅವನೇ ಒಂದು ನಿಯಮ ಮಾಡಿದ. ನನಗೆ ಹಾಡಲು ಬಾರದು. ಬಚ್ಚಲಿನಲ್ಲಿ ಮಗ್ಗಿ ಹೇಳುತ್ತಿದ್ದೆ. ಹದಿನಾರರ ಮಗ್ಗಿಯಲ್ಲಿ ನಾನು ತಪ್ಪಿದರೆ ಹೊರಗಿನಿಂದ ಸರಿಪಡಿಸುತ್ತಿದ್ದ. ಆಗ ಇಬ್ಬರೂ ನಗುತ್ತಿದ್ದೆವು. ಆದರೂ ನೆಂಟರೆದುರು ನನಗೆ ಅವಮಾನವಾಗುತ್ತಿತ್ತು. ಅವನು ಕೊನೆಯ ಬಾರಿ ಮನೆಯಿಂದ ಹೊರಟ ಬೆಳಿಗ್ಗೆ, ಚಪ್ಪಲಿ ಮೆಟ್ಟುತ್ತಿದ್ದವನಿಗೆ, "ಒಂದು ಚಿಲಕ ಹಾಕೋ ಯೋಗ್ಯತೆ ಇಲ್ಲ ನಿಂಗೆ" ಎಂದೆ. ಅವನು ನಕ್ಕು ಹೊರಟ. ನಾನು ಅವನಿಗೆ ಆಡಿದ ಕೊನೆಯ ಮಾತು ಅದು. ಇದನ್ನು ಯಾರಿಗೂ ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ಕಾಫಿಯ ಲೋಟ ಮುಂದಿಟ್ಟುಕೊಂಡು ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಆಗ ಹಾಡು ನಿಂತಿರುವುದು ಗಮನಕ್ಕೆ ಬಂತು. ನೀರು ಬೀಳುವ ಸದ್ದು ಮಾತ್ರ ಬರುತ್ತಿತ್ತು. ಅಳುತ್ತಿರಬೇಕು, ಅಳಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಏಳಲು ಮನಸ್ಸಿರಲಿಲ್ಲ. ಆ ದಿನಗಳಲ್ಲಿ ನನ್ನ ಕೈಕಾಲು ಬೇರೆ ಯಾರವೋ ಎಂಬಂತಿದ್ದವು.

"ಅತ್ತೆ?" ಎಂದೆ, ಕೂತಲ್ಲಿಂದಲೇ.

ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಆಮೇಲೆ ಎದ್ದೆ.

ತಳ್ಳಿದೆ. ಬಾಗಿಲು ತೆರೆದುಕೊಂಡಿತು. ಒಳಗೆಲ್ಲ ಹಬೆ. ಅದರ ನಡುವೆ ಗೀಸರಿನ ಕಿಂಡಿಯಲ್ಲಿ ಉರಿ ಹಳದಿಯಾಗಿ ಮೇಲಕ್ಕೆ ಮೇಲಕ್ಕೆ ನೆಕ್ಕುತ್ತಿತ್ತು. ಅತ್ತೆ ಗೋಡೆಗೆ ಒರಗಿ ಮಣೆಯ ಮೇಲೆ ವಾಲಿದ್ದರು. ನಲ್ಲಿ ನಿಲ್ಲಿಸಿದೆ, ಉರಿ ಆರಿತು. ಕಂಕುಳಿಗೆ ಕೈಹಾಕಿ ಅವರನ್ನು ಹಿತ್ತಲಿನ ತನಕ ಎಳೆದುಕೊಂಡು ಬಂದೆ. ನನಗೆ ಅಷ್ಟು ಬಲ ಎಲ್ಲಿಂದ ಬಂತೋ ಗೊತ್ತಿಲ್ಲ. "ಉಸಿರಾಡಿ ಅತ್ತೆ, ಉಸಿರಾಡಿ" ಎಂದು ಕಿರುಚುತ್ತಿದ್ದದ್ದು ನಾನೇ ಎಂದು ಪಕ್ಕದ ಮನೆಯವರು ಓಡಿ ಬಂದ ಮೇಲೆ ತಿಳಿಯಿತು.

ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ಸುತ್ತ ನೋಡಿದರು.

"ಥೂ, ಸೀರೆ ಹೊದಿಸೇ. ಊರೆಲ್ಲ ನೋಡ್ತಿದೆ."

ಆಗ ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಒಂದು ದಿನ ಇರಿಸಿಕೊಂಡರು. "ಮುಚ್ಚಿದ ಬಚ್ಚಲಲ್ಲಿ ಗ್ಯಾಸು ಉರಿದ್ರೆ ವಿಷಗಾಳಿ ತುಂಬಿ ಹೀಗೇ ಆಗೋದು. ಬಾಗಿಲು ಒಡೆಯೋ ಹೊತ್ತಿಗೆ ಸಾಮಾನ್ಯವಾಗಿ ತಡ ಆಗಿರುತ್ತೆ. ನೀವು ಬೇಗ ಒಡೆದ್ರಿ" ಎಂದರು ಡಾಕ್ಟರು. ನಾನು ಒಡೆದಿರಲಿಲ್ಲ, ತಳ್ಳಿದ್ದೆ ಅಷ್ಟೆ.

ಮನೆಗೆ ಬಂದು ನೋಡಿದಾಗ ಕಾರಣ ಕಂಡಿತು. ಬಚ್ಚಲಿನ ಮೇಲಿನ ಗವಾಕ್ಷಿಗೆ ಯಾರೋ ಸಿಹಿತಿಂಡಿಯ ಡಬ್ಬದ ರಟ್ಟನ್ನು ಕತ್ತರಿಸಿ ಸಿಕ್ಕಿಸಿದ್ದರು. ಹೆಂಗಸರು ತುಂಬಿದ ಮನೆ, ಆಚೆ ಮನೆಯ ಮಾಳಿಗೆಯಿಂದ ಕಾಣುತ್ತದೆ ಎಂದು ನನ್ನ ಚಿಕ್ಕಮ್ಮ ಮಾಡಿದ ಕೆಲಸವೆಂದು ಆಮೇಲೆ ತಿಳಿಯಿತು. ನೆಂಟರಿದ್ದಷ್ಟು ದಿನ ಒಬ್ಬರ ಹಿಂದೊಬ್ಬರು ಅವಸರದಲ್ಲಿ ಎರಡು ಚೊಂಬು ಸುರಿದುಕೊಂಡು ಬರುತ್ತಿದ್ದರು, ಬಾಗಿಲು ತೆರೆಯುತ್ತಲೇ ಇತ್ತು. ಆ ಬೆಳಿಗ್ಗೆಯೇ ಮೊದಲ ಸಲ ಒಬ್ಬರು ಸಾವಧಾನವಾಗಿ ಸ್ನಾನಕ್ಕೆ ಕೂತದ್ದು.

ಗೀಸರು ರಿಪೇರಿ ಮಾಡುವ ದಸ್ತಗೀರ್ ಸಾಬರು ಸುದ್ದಿ ಕೇಳಿ ತಾವೇ ಬಂದರು. ಸೈಕಲ್ಲಿನ ಹಿಂದೆ ದೊಡ್ಡ ರಟ್ಟಿನ ಪೆಟ್ಟಿಗೆ ಕಟ್ಟಿದ್ದರು. ಪೆಟ್ಟಿಗೆಯ ಮೇಲೆ ವಾದಿರಾಜನ ಹೆಸರಿತ್ತು.

"ಸಾರ್ ಹೇಳಿ ತರಿಸಿದ್ದು. ಅವರು ಹೋದ ದಿನವೇ ಬಂತು. ಸೂತಕದ ಮನೆಗೆ ಹೆಂಗೆ ತರೋದು ಅಂತ ಅಂಗಡೀಲೇ ಇಟ್ಕೊಂಡೆ. ತಪ್ಪಾಯ್ತಮ್ಮ, ದೊಡ್ಡ ತಪ್ಪಾಯ್ತು."

"ಹೊಸದು ಯಾಕೆ ತರಿಸಿದ್ರು?"

"ನಿಮಗೆ ಹೇಳಿಲ್ವಾ?" ಸಾಬರು ಹಳೆಯ ಗೀಸರನ್ನು ಕೆಳಗಿಳಿಸಿ, ಮಸಿ ಹಿಡಿದ ಅದರ ಹೊಟ್ಟೆಯನ್ನು ನನಗೆ ತೋರಿಸಿದರು. "ನೋಡಿ. ಇದು ಒಳಗಡೆ ಇರಲೇಬಾರದು, ಹಿತ್ತಲ ಗೋಡೆಗೆ ಹಾಕಿ ಪೈಪು ಮಾತ್ರ ಒಳಗೆ ಬಿಡಬೇಕು ಅಂದೆ. ಆಗಲಿ, ಹೊಸದನ್ನೇ ತರಿಸಿ ಅಂದ್ರು. ಅದು ಬರೋಗಂಟ ಏನು ಮಾಡ್ತೀರಿ ಸಾರ್ ಅಂದೆ. ಗವಾಕ್ಷಿ ಬಿಚ್ಚಿಡಿ, ಒಳಚಿಲಕ ಕಿತ್ತುಬಿಡಿ, ಯಾರಾದ್ರೂ ಬಿದ್ರೆ ಬಾಗಿಲು ತಳ್ಳೋಕಾದ್ರೂ ಆಗುತ್ತೆ ಅಂದೆ. ಅವತ್ತೇ ಮನೆಗೆ ಹೋಗಿ ಕಿತ್ರಂತೆ."

ನಾನು ಬಾಗಿಲಿನಲ್ಲಿ ಚಿಲಕವಿದ್ದ ಜಾಗ ನೋಡಿದೆ. "ನನ್ನ ಹತ್ರ ಸಡಿಲ ಆಗಿತ್ತು ಅಂದ."

"ನಮ್ಮಮ್ಮಂಗೆ ಗೊತ್ತಾದ್ರೆ ಹೆದರ್ಕೊಂಡು ಮತ್ತೆ ಒಲೆ ಮೇಲೆ ಹಂಡೆ ಇಡ್ತಾರೆ, ಕುದಿಯೋ ನೀರು ಹೊತ್ಕೊಂಡು ಜಾರಿ ಬೀಳ್ತಾರೆ, ಯಾರ ಹತ್ರನೂ ಬಾಯಿ ಬಿಡಬೇಡಿ ಅಂದಿದ್ರು. ನಿಮ್ಮ ಹೊಟ್ಟೇಲೂ ಮಾತು ನಿಲ್ಲಲ್ವಂತಲ್ಲ?"

ಹಿತ್ತಲಿನ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ ಅತ್ತೆ, "ಅದು ನಿಜ" ಎಂದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಸಾಬರು ತಮ್ಮ ಚೀಲ ತಡಕಿದರು. "ಪೈಪು ಬಿಚ್ಚೋ ದೊಡ್ಡ ಪಾನಾ ನಿಮ್ಮಲ್ಲೇ ಇರಬೇಕು. ಹಳೇದನ್ನ ನಾನೇ ಬಿಚ್ಚಿಡ್ತೀನಿ ಅಂತ ಇಸ್ಕೊಂಡು ಹೋಗಿದ್ರು. ಒಂದು ದಿನ ತಡವಾಗಿ ಪುಸ್ತಕ ಕೊಟ್ರೆ ನನ್ನನ್ನ ಹೆಂಗೆ ನೋಡ್ತಿದ್ರು ಗೊತ್ತಾ? ತಾವು ಎರಡು ತಿಂಗಳು ಪಾನಾ ಇಟ್ಕೊಂಡ್ರು!"

ಅದು ಬಚ್ಚಲಿನ ಅಟ್ಟದ ಮೇಲೆ, ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ಜೊತೆಗೆ ಚಿಲಕ ಮತ್ತು ಅದರ ನಾಲ್ಕು ತಿರುಪುಗಳು. ಒಂದೂ ಸವೆದಿರಲಿಲ್ಲ. ಸಾಬರು ಪಾನಾವನ್ನು ಗೋಡೆಯಲ್ಲೇ ಉಳಿದಿದ್ದ ಹಳೆಯ ಪೈಪಿನ ತಲೆಗೆ ಇಟ್ಟರು. ಗಾಲಿ ತಿರುಗಿಸಿ ಅದರ ಬಾಯನ್ನು ಹಿಗ್ಗಿಸಬೇಕಾಗಲಿಲ್ಲ, ಕುಗ್ಗಿಸಬೇಕಾಗಲಿಲ್ಲ. ಸರಿಯಾಗಿ ಕೂತಿತು. ಅವರು ನನ್ನ ಮುಖ ನೋಡಿದರು. "ಅಳತೆ ನೋಡಿಟ್ಟಿದ್ದಾರೆ" ಎಂದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಗೀಸರು ಹಿತ್ತಲಿನ ಸೂರಿನಡಿ ಗೋಡೆಗೆ ಹತ್ತಿತು. ಸಾಬರು ನನ್ನ ಕೈಗೆ ಸೋಪಿನ ನೊರೆಯ ಬಟ್ಟಲು ಕೊಟ್ಟು ಪ್ರತಿ ಜೋಡಣೆಗೂ ಸವರಿಸಿದರು. ಗುಳ್ಳೆ ಎದ್ದರೆ ಗ್ಯಾಸು ಸೋರುತ್ತಿದೆ ಎಂದರ್ಥ, ಸಿಲಿಂಡರು ಬದಲಿಸಿದಾಗಲೆಲ್ಲ ಹೀಗೆ ನೋಡಬೇಕು. ಕಿಡಿಯ ಸದ್ದು ನಿಧಾನವಾದರೆ ಬ್ಯಾಟರಿಯ ಸೆಲ್ಲು ಬದಲಿಸಬೇಕು. ರಬ್ಬರಿನ ಕೊಳವೆಯನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಆ ದಿನವೇ ತೆಗೆಯಬೇಕು. "ಎಲ್ಲಕ್ಕಿಂತ ಮೊದಲು ಉರಿ ನೋಡಿ. ನೀಲಿ ಇದ್ರೆ ಕ್ಷೇಮ. ಹಳದಿ ಆಯ್ತೋ, ನಿಲ್ಲಿಸಿ ನನ್ನ ಕರೀರಿ." ನಾನು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಅಷ್ಟು ದಿನಗಳಲ್ಲಿ ನಾನು ಬರೆದ ಮೊದಲ ಅಕ್ಷರಗಳು ಅವು.

"ಇನ್ನು ಚಿಲಕ ಹಾಕಿಕೊಡ್ಲಾ?" ಸಾಬರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಬೇಡಪ್ಪ. ನಾನು ಹಾಡ್ಕೋತೀನಿ. ಅವಳು ಮಗ್ಗಿ ಹೇಳ್ಕೊಳ್ಳಲಿ. ತಪ್ಪಿದ್ರೆ ನಾನು ಹೇಳ್ತೀನಿ."

"ನಿಮಗೆ ಹದಿನಾರರ ಮಗ್ಗಿ ಬರುತ್ತಾ ಅತ್ತೆ?"

"ಕಲೀತೀನಿ. ಇನ್ನೇನು ಕೆಲಸ ನಂಗೆ?"

ಜೋಡಣೆ ತೊಟ್ಟಿಕ್ಕಿದರೆ ಬಿಗಿ ಮಾಡಲು ಬೇಕಾಗಬಹುದು ಎಂದು ಸಾಬರು ಪಾನಾವನ್ನು ಒಂದು ವಾರ ನಮ್ಮಲ್ಲೇ ಬಿಟ್ಟರು. ತೊಟ್ಟಿಕ್ಕಲಿಲ್ಲ. ನಾನು ದಿನವೂ ಅದನ್ನು ಕೈಗೆತ್ತಿಕೊಂಡು ನೋಡುತ್ತಿದ್ದೆ, ಗಾಲಿಗೆ ಮಾತ್ರ ಬೆರಳು ತಾಗಿಸುತ್ತಿರಲಿಲ್ಲ. ಅದರ ಬಾಯಿ ವಾದಿರಾಜ ಬಿಟ್ಟುಹೋದಷ್ಟೇ ತೆರೆದಿತ್ತು. ಇಟ್ಟುಕೊಳ್ಳುತ್ತೇನೆ ಎಂದಿದ್ದರೆ ಸಾಬರು ಬೇಡ ಎನ್ನುತ್ತಿರಲಿಲ್ಲ. ಆದರೆ ಕಡ ತಂದ ವಸ್ತುವನ್ನು ಉಳಿಸಿಕೊಂಡವರನ್ನು ಅವನು ನೋಡುತ್ತಿದ್ದ ಆ ನೋಟ ನನಗೆ ಗೊತ್ತಿತ್ತು.

ಎಂಟನೆಯ ದಿನ ಅದನ್ನು ಒರೆಸಿ, ಅದೇ ಪಂಚೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಸಾಬರು ಯಾರದೋ ಮನೆಯ ಗೀಸರನ್ನು ಮೇಜಿನ ಮೇಲೆ ಬಿಚ್ಚಿ, ಬ್ರಷ್ಷಿನಿಂದ ಮಸಿ ಉಜ್ಜಿ ಮತ್ತೆ ಜೋಡಿಸುತ್ತಿದ್ದರು.

"ತಡವಾಯ್ತು" ಎಂದೆ.

"ಲೈಬ್ರರಿಯವರ ಮನೆಯಿಂದ ಈ ಮಾತು!" ಎಂದು ನಕ್ಕು ಕೈಚಾಚಿದರು. "ಒಳ್ಳೇ ಹೊತ್ತಿಗೆ ತಂದ್ರಿ. ಇದಕ್ಕೇ ಬೇಕಿತ್ತು."

ಪಂಚೆ ಬಿಡಿಸಿ ನನಗೆ ಕೊಟ್ಟರು. ಕಣ್ಣು ಕೆಲಸದ ಮೇಲೇ ಇತ್ತು. ಹೆಬ್ಬೆರಳು ತಾನಾಗಿ ಗಾಲಿಯ ಮೇಲೆ ಹೋಗಿ ಎರಡು ಸುತ್ತು ತಿರುಗಿಸಿತು. ವಾದಿರಾಜ ಬಿಟ್ಟುಹೋಗಿದ್ದ ಅಳತೆ ಅಳಿಸಿಹೋಯಿತು. ನಾನು ಪಂಚೆ ಮಡಿಸಿಕೊಂಡೆ. ಪಾನಾ ಆ ಪೈಪನ್ನು ಕಚ್ಚಿ ಹಿಡಿಯಿತು. ಅವರು ಬಿಗಿ ಮಾಡಿದರು, ನೊರೆ ಸವರಿದರು, ನಲ್ಲಿ ತೆರೆದರು.

ಚಟ್ ಚಟ್ ಎಂದು ಕಿಡಿ ಹಾರಿತು. ಇಬ್ಬರೂ ಬಗ್ಗಿ ಕಿಂಡಿಯೊಳಗೆ ನೋಡಿದೆವು. ಉರಿ ನೀಲಿಯಾಗಿತ್ತು.